ಮುಷ್ಟಿಯೊಳಗಿನ ಮಂಡಕ್ಕಿ

ನಮ್ಮ ಅಜ್ಜಿ ಸತ್ತ ಸುದ್ದಿ ಆನವಟ್ಟಿ ಮುಟ್ಟಿದ ಹೊತ್ತಿನಲ್ಲಿ ಅಜ್ಜಿ ಶಿಕಾರಿಪುರದ ನಮ್ಮ ಮನೆಯ ಜಗಲಿ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಆ ಸುದ್ದಿ ಹಬ್ಬಿಸಿದವಳು ನಾನು. ಬಾಯಿಂದ ಒಂದು ಮಾತೂ ಆಡಿರಲಿಲ್ಲ. ಬರೀ ಮುಖದಿಂದ ಹಬ್ಬಿಸಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಕಾಲೇಜಿಗೆ ಹೋಗುವ ಹುಡುಗಿ. ಪೇಟೆಯಲ್ಲಿ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದಿನ ಬೀದಿಯಲ್ಲಿ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಈ ಅಜ್ಜಿ, ಮತ್ತು ನಾನು. ನನಗೆ ಓಟದ ಹುಚ್ಚು. ಆದರೆ ಮೈದಾನದ ಚಿಕ್ಕ ಓಟಗಳಲ್ಲಿ ನಾನು ಯಾವತ್ತೂ ಕೊನೆಯವಳೇ. ಉಳಿದವರೆಲ್ಲ ಓಡಿ ಮುಗಿಸಿ ನೀರು ಕುಡಿಯುವ ಹೊತ್ತಿಗೆ ನನಗೆ ಮೈ ಬಿಸಿಯಾಗಲು ಶುರುವಾಗುತ್ತಿತ್ತು. ಇದನ್ನು ಗಮನಿಸಿದ ನಮ್ಮ ಡ್ರಿಲ್ ಮಾಸ್ತರು, "ನೀನು ದೂರದ ಬಸ್ಸು ಕಣಮ್ಮ, ಊರೊಳಗೆ ಓಡಿಸಿದ್ರೆ ಕೆಡ್ತೀಯ" ಅಂದು ನನ್ನನ್ನು ರಸ್ತೆಗೆ ಬಿಟ್ಟರು. ಪೈಜಾಮ, ಅದರ ಮೇಲೆ ಮೊಣಕಾಲು ಮುಟ್ಟುವ ಅಂಗಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಬೆಳಿಗ್ಗೆ ಎದ್ದು ಶಿರಾಳಕೊಪ್ಪದ ರಸ್ತೆ ಹಿಡಿದು ಓಡಿದರೆ ಊರು ಹಿಂದೆ ಬಿದ್ದು, ಗದ್ದೆ ಬಯಲು ಬಂದು, ನನ್ನ ಉಸಿರು ಒಂದೇ ಸಮನಾಗುತ್ತಿತ್ತು. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಆದರೆ ಆ ಸುಖ ನನ್ನ ಮುಖಕ್ಕೆ ಗೊತ್ತಿರಲಿಲ್ಲ. ನಾನು ಹುಟ್ಟು ಸಿಡುಕಿ. ರಸ್ತೆ ನನಗೇನೋ ಅನ್ಯಾಯ ಮಾಡಿದೆ ಅನ್ನುವ ಹಾಗೆ ಓಡುತ್ತಿದ್ದೆ. ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ಭುಜಗಳನ್ನು ಕಿವಿಯ ತನಕ ಎಳೆದುಕೊಂಡು. ಮಾಸ್ತರು "ಮೈ ಸಡಿಲ ಬಿಡು, ಸಡಿಲ ಬಿಡು" ಎಂದು ಸೈಕಲ್ಲಿನ ಮೇಲಿಂದ ಕೂಗಿದಷ್ಟೂ ನಾನು ಹಟಕ್ಕೆ ಬಿದ್ದು ಸಡಿಲ ಬಿಡಲು ಹೋಗಿ ಇನ್ನಷ್ಟು ಬಿಗಿಯಾಗುತ್ತಿದ್ದೆ. ಸಿಟ್ಟಿನಿಂದ ಸಡಿಲವಾಗಲು ಯಾರಿಗೂ ಬರುವುದಿಲ್ಲ ಎನ್ನುವುದು ಆಗ ಹೊಳೆದಿರಲಿಲ್ಲ.

ಆಗ ನಮ್ಮ ಕಡೆ ಫೋನು ಇದ್ದ ಮನೆಗಳು ಕಡಿಮೆ. ಸಾವಿನ ಸುದ್ದಿ ಮನುಷ್ಯರ ಜೊತೆಗೇ ಹೋಗಬೇಕು. ಬಸ್ಸೋ, ಸೈಕಲ್ಲೋ, ಎರಡೂ ಇಲ್ಲದಿದ್ದರೆ ಕಾಲೋ. ಅಂಥ ಸುದ್ದಿ ಹೊತ್ತು ಹೋಗುವವರನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವ ಹಾಗಿಲ್ಲ, ಅದು ಮರ್ಯಾದೆಯಲ್ಲ. ಮುಖ ನೋಡಿಯೇ ತಿಳಿದುಕೊಳ್ಳಬೇಕು. ಆವತ್ತು ಬೆಳಿಗ್ಗೆ ಆನವಟ್ಟಿ ಬಸ್ಸಿನ ಕಂಡಕ್ಟರ್ ನನ್ನ ಮುಖ ನೋಡಿದ. ನಮ್ಮ ಅಂಗಡಿಯಿಂದ ಆನವಟ್ಟಿಯ ಸೋದರತ್ತೆಯ ಮನೆಗೆ ಆಗಾಗ ಗಂಟು ಮುಟ್ಟಿಸುತ್ತಿದ್ದ ಗುರುತಿನ ಮನುಷ್ಯ. ಹಿಂದಿನ ವಾರ ಅಜ್ಜಿಗೆ ಜ್ವರ ಬಂದಿದ್ದು ಅವನಿಗೆ ಗೊತ್ತು. ಅಂಥ ಮನೆಯ ಹುಡುಗಿ ಹೊತ್ತಾರೆ ಆ ಮುಖ ಹೊತ್ತುಕೊಂಡು ರಸ್ತೆಯಲ್ಲಿ ಓಡುತ್ತಿದ್ದಾಳೆ ಅಂದರೆ ಇನ್ನೇನು ಕೇಳುವುದು? ಆನವಟ್ಟಿಯಲ್ಲಿ ಇಳಿದವನೇ ಅತ್ತೆಯ ಮನೆಗೆ ಹೋಗಿ, "ನಿಮ್ಮ ತವರಿನ ಹುಡುಗಿ ಓಡಿಕೊಂಡು ಹೋಗ್ತಿದ್ಲು ಕಣ್ರೀ. ಮುಖ ನೋಡಾಕೆ ಆಗ್ಲಿಲ್ಲ. ಹಿರೇರದು ಆದಂಗೆ ಕಾಣ್ತತಿ" ಅಂದನಂತೆ.

ಶಿಕಾರಿಪುರದಲ್ಲೂ ಯಾರೋ ನೋಡಿದ್ದರು. ಮಧ್ಯಾಹ್ನ, ಸಾವಿನ ಮನೆಗಳಲ್ಲಿ ರಾತ್ರಿ ಹಾಡುವ ಭಜನೆ ತಂಡದ ಹಿರಿಯರು ಅಂಗಡಿಗೆ ಬಂದು ತಗ್ಗಿದ ದನಿಯಲ್ಲಿ, "ಯಜಮಾನ್ರೇ, ನಾವು ಎಷ್ಟೊತ್ತಿಗೆ ಬರಾಣ?" ಎಂದು ಕೇಳಿದರು. ಅಪ್ಪ ಬೇಳೆ ತೂಗುತ್ತ, "ಅಂಗಡಿ ತೆಗೆದೇ ಇರ್ತತಿ, ಯಾವಾಗಾದ್ರೂ ಬರ್ರಿ" ಅಂದ. ತಾಯಿ ಹೋದ ದಿನವೂ ಬೇಳೆ ಮಾರುವ ಮಗನನ್ನು ನೋಡಿ ಅವರು ತಲೆಯಾಡಿಸುತ್ತ ಹೋದರು.

ಸಂಜೆಯ ಬಸ್ಸಿಗೆ ಅತ್ತೆ ಬಂದಳು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ಅಜ್ಜಿ ಸಂಜೆಯ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಗೋಡೆಗೆ ಆನಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದಳು. ಅತ್ತೆ ಹೊಸಿಲಲ್ಲಿ ನಿಂತು ನೋಡಿದಳು. ಆಮೇಲೆ "ಅವ್ವಾ, ಬಿಟ್ಟು ಹೋದೇನವ್ವಾ" ಎಂದು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತ ಬಂದು ಅಜ್ಜಿಯ ಕಾಲ ಮೇಲೆ ಬಿದ್ದಳು.

ಅಜ್ಜಿ ಒಂದು ಕಣ್ಣು ತೆಗೆದು, "ಯಾರೇ ಸತ್ತಿದ್ದು?" ಅಂದಳು.

ಅತ್ತೆ ಹೆದರಿ ಇನ್ನೂ ಜೋರಾಗಿ ಕೂಗಿದಳು. ಅಷ್ಟರಲ್ಲಿ ಭಜನೆಯವರು ತಬಲ, ಹಾರ್ಮೋನಿಯಂ ಸಮೇತ ಬಾಗಿಲಿಗೆ ಬಂದರು. ಬೀದಿಯವರೆಲ್ಲ ಸೇರಿದರು. ವಿಷಯ ಬಿಡಿಸಿ ಬಿಡಿಸಿ ಹಿಂದಕ್ಕೆ ಹೋದರೆ ಕೊನೆಗೆ ಸಿಕ್ಕಿದ್ದು ನನ್ನ ಮುಖ. ಅಮ್ಮ ನಕ್ಕು ನಕ್ಕು ಅಡುಗೆಮನೆಗೆ ಓಡಿದಳು. ಅಪ್ಪ ನಗಲಿಲ್ಲ. ನಾಲ್ಕು ಜನರೆದುರು ತಲೆ ಎತ್ತಿ ಅಂಗಡಿ ನಡೆಸುವ ಮನುಷ್ಯ, ಅವನಿಗೆ ನಾಚಿಕೆಯಾಗಿತ್ತು. "ಇವತ್ತಿಗೆ ನಿನ್ನ ಓಟ ಮುಗೀತು" ಅಂದುಬಿಟ್ಟ.

ಆದರೆ ನನ್ನ ಮನಸ್ಸಿನಲ್ಲಿ ಬರೀ ಓಟ ಇರಲಿಲ್ಲ. ಓದು ಮುಗಿಸಿ ವ್ಯಾಯಾಮ ಶಿಕ್ಷಕರ ಟ್ರೇನಿಂಗಿಗೆ ಹೋಗಬೇಕು, ಡ್ರಿಲ್ ಟೀಚರ್ ಆಗಬೇಕು ಎಂದು ಮಾಸ್ತರ ಹತ್ತಿರ ಮಾತಾಡಿ ಇಟ್ಟುಕೊಂಡಿದ್ದೆ. ಅದನ್ನು ಅಪ್ಪನಿಗೆ ಹೇಳಲು ಒಳ್ಳೆಯ ಹೊತ್ತು ಕಾಯುತ್ತಿದ್ದೆ. ಈಗ ಕೆಟ್ಟ ಹೊತ್ತಿನಲ್ಲೇ, ಅಳುತ್ತ, ಎಲ್ಲವನ್ನೂ ಒಟ್ಟಿಗೇ ಹೇಳಿಬಿಟ್ಟೆ. ಅಪ್ಪ ಮುಖ ತಿರುಗಿಸಿ ಕೂತ.

ನನ್ನ ಪರವಾಗಿ ಮಾತಾಡಿದ್ದು ಅಜ್ಜಿ. "ಸತ್ತೋಳು ನಾನು. ನನಗೇ ಸಿಟ್ಟಿಲ್ಲ, ನಿನಗ್ಯಾಕಪ್ಪ?" ಅಂದಳು. "ಹುಡುಗಿ ಓಡೋದು ತಪ್ಪಲ್ಲ. ಮುಖ ಹಂಗೆ ಮಾಡೋದು ತಪ್ಪು. ಮುಖ ತಿದ್ದು ಅಂತ ಹೇಳು, ಕಾಲು ಕಟ್ಟಬ್ಯಾಡ."

ಎರಡು ದಿನ ನಾನು ಶೂ ಮುಟ್ಟಲಿಲ್ಲ. ಮೂರನೆಯ ದಿನ ಮಾಸ್ತರು ಅಂಗಡಿಗೆ ಬಂದು, ಸುಗ್ಗಿ ಮುಗಿದ ಮೇಲೆ ಸೊರಬದಲ್ಲಿ ದೂರದ ಓಟ ಇದೆ, ಈ ಸಲ ಹುಡುಗಿಯರಿಗೂ ಬೇರೆಯಾಗಿ ಇಟ್ಟಿದ್ದಾರೆ, ಕಳಿಸಿಕೊಡಿ ಎಂದು ಕೇಳಿಕೊಂಡರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಾಟಿನಿಂದ ಕಣ್ಣೆತ್ತದೆ ತನ್ನ ತೀರ್ಮಾನ ಹೇಳಿದ. "ಸೊರಬಕ್ಕೆ ನಾನೂ ಬರ್ತೀನಿ. ಗೆಲ್ಲೋದು ಬಿಡೋದು ನನಗೆ ಬೇಕಿಲ್ಲ. ಓಡಿ ಬಂದಾಗ ನಿನ್ನ ಮುಖ ಮನುಷ್ಯರ ಮುಖದಂಗೆ ಇರಬೇಕು. ಇದ್ರೆ ಟ್ರೇನಿಂಗಿಗೆ ಕಳಿಸ್ತೀನಿ. ಇಲ್ಲಾಂದ್ರೆ ಮತ್ತೆ ಓಟದ ಮಾತು ಈ ಮನೇಲಿ ಎತ್ತಬಾರದು."

ಅಲ್ಲಿಂದ ನನ್ನ ನಿಜವಾದ ಕಲಿಕೆ ಶುರುವಾಯಿತು. ಮಾಸ್ತರು ಭಾನುವಾರ ನಮ್ಮ ನಾಲ್ಕಾರು ಹುಡುಗಿಯರನ್ನು ಬಸ್ಸಿನಲ್ಲಿ ಅಂಬ್ಲಿಗೊಳದ ಕಡೆ ಕರೆದುಕೊಂಡು ಹೋಗಿ ಕಾಲುವೆಯ ಏರಿ ಮೇಲೆ ಓಡಿಸುತ್ತಿದ್ದರು. ಅಲ್ಲಿ ಗಾಡಿಯಿಲ್ಲ, ಜನರಿಲ್ಲ. ಪಕ್ಕದಲ್ಲಿ ನೀರು ನಮ್ಮ ಜೊತೆಗೇ ಬರುತ್ತಿತ್ತು. "ಕಾಲು ನೋಡಬ್ಯಾಡ, ಅದು ಎಲ್ಲಿಗೂ ಹೋಗಲ್ಲ. ದೂರ ನೋಡು" ಅನ್ನುತ್ತಿದ್ದರು. ಪಾದ ನೆಲಕ್ಕೆ ಬೀಳುವ ಸದ್ದು ಜೋರಾಗಿ ಕೇಳಿಸಿದರೆ, "ನೆಲಕ್ಕೆ ಯಾಕೆ ಹೊಡೀತೀಯ, ಅದೇನು ಮಾಡಿತ್ತು?" ಎಂದು ಕೇಳುತ್ತಿದ್ದರು. ಉಸಿರು ಹೊಟ್ಟೆಯಿಂದ ಬರಬೇಕು, ದಿಬ್ಬ ಬಂದರೆ ಹೆಜ್ಜೆ ಚಿಕ್ಕದಾಗಬೇಕು, ದವಡೆ ಜೋತುಬಿದ್ದ ಹಾಗಿರಬೇಕು. ತಲೆಗೆ ಎಲ್ಲ ಹತ್ತಿತು. ಮೈ ಮಾತ್ರ ಕೇಳಲಿಲ್ಲ. ದವಡೆ ಬಿಟ್ಟರೆ ಭುಜ ಏರುತ್ತಿತ್ತು, ಭುಜ ಇಳಿಸಿದರೆ ಮುಷ್ಟಿ ಬಿಗಿಯುತ್ತಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಾಸಿಗೆಯ ಹತ್ತಿಯಂತೆ ಸಿಟ್ಟು ಜಾಗ ಬದಲಾಯಿಸುತ್ತಿತ್ತು, ಹೋಗುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅಜ್ಜಿಯ ಬಾಯಿಚಪಲದಿಂದ. ನಮ್ಮ ಬೀದಿಯ ತುದಿಯಲ್ಲಿ ಒಂದು ಸಾಬರ ಮನೆಯವರ ಮಂಡಕ್ಕಿ ಭಟ್ಟಿ ಇತ್ತು. ಬೆಳಗಿನ ಜಾವಕ್ಕೇ ಒಲೆ ಹೊತ್ತಿಸಿ, ಬಿಸಿ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುತ್ತಿದ್ದರು. ಒಂದು ದಿನ ನಾನು ಓಟ ಮುಗಿಸಿ ಬರುವಾಗ ಆ ಮನೆಯ ಹಿರಿಯ ಹೆಂಗಸು ಕರೆದು ಕೈಗೆ ಒಂದು ಹಿಡಿ ಬಿಸಿ ಮಂಡಕ್ಕಿ ಕೊಟ್ಟು, "ನಿಮ್ಮ ಅಜ್ಜಿಗೆ ಕೊಡವ್ವ" ಅಂದಳು. ಬೀದಿಯ ಆ ತುದಿಯಿಂದ ಈ ತುದಿಗೆ ಓಡಿ ಬಂದು ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಹಿಟ್ಟು. ಹಲ್ಲಿಲ್ಲದ ಅಜ್ಜಿ ಅದನ್ನೇ ಬಾಯಿಗೆ ಹಾಕಿಕೊಂಡು, "ಚಲೋ ಆತು, ನಾನು ಅಗಿಯೋ ಕೆಲಸ ನೀನೇ ಮಾಡಿಬಿಟ್ಟಿ" ಅಂದಳು. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ನಾಳೆ ಓಡಾಕೆ ಹೋಗುವಾಗಲೇ ಎರಡು ಕೈಯಾಗೂ ನಾಕು ಕಾಳು ಹಿಡ್ಕಂಡು ಹೋಗು. ಇಡೀ ಕಾಳು ತಿರುಗಿ ತಂದು ನನಗೆ ತೋರಿಸು."

ಇದು ಏನೂ ಅಲ್ಲದ ಆಟ ಅಂದುಕೊಂಡೆ. ಮೊದಲ ದಿನ ಊರ ಗಡಿ ದಾಟುವುದರೊಳಗೆ ಎರಡೂ ಕೈಯಲ್ಲಿ ಪುಡಿ. ಎರಡನೆಯ ದಿನವೂ ಅಷ್ಟೇ. ಕೈ ತೀರಾ ಬಿಟ್ಟರೆ ಕಾಳು ಉದುರುತ್ತವೆ, ಹಿಡಿದರೆ ಮುರಿಯುತ್ತವೆ. ಬೆರಳು ಮುಚ್ಚಿರಬೇಕು, ಒತ್ತಬಾರದು. ಇದನ್ನು ಬರೀ ಬೆರಳಿಂದ ಮಾಡಲು ಆಗುವುದಿಲ್ಲ ಎಂದು ಎಷ್ಟೋ ದಿನಗಳ ಮೇಲೆ ಗೊತ್ತಾಯಿತು. ಬೆರಳು ಸಡಿಲವಾಗಬೇಕಾದರೆ ಮೊಣಕೈ ಸಡಿಲವಾಗಬೇಕು, ಮೊಣಕೈ ಸಡಿಲವಾಗಬೇಕಾದರೆ ಭುಜ ಇಳಿಯಬೇಕು. ಭುಜ ಇಳಿದ ದಿನ ಹಲ್ಲು ತಾನಾಗಿಯೇ ಬಿಟ್ಟುಕೊಂಡವು. ಮುಖಕ್ಕೆ ನಾನು ಏನೂ ಹೇಳಲೇ ಇಲ್ಲ. ಕೈಯಲ್ಲಿರುವ ನಾಲ್ಕು ಕಾಳಿನ ಯೋಚನೆಯಲ್ಲಿ ರಸ್ತೆಯ ಮೇಲಿನ ಸಿಟ್ಟು ಮರೆತುಹೋಗಿತ್ತು.

ಮಾಸ್ತರಿಗೆ ಇದು ಎಷ್ಟು ಹಿಡಿಸಿತೆಂದರೆ ಕಾಲುವೆ ಏರಿಯ ಮೇಲೆ ಎಲ್ಲ ಹುಡುಗಿಯರ ಕೈಗೂ ಮಂಡಕ್ಕಿ ಬಂತು. ಕೆಲವರು ಅರ್ಧ ದಾರಿಯಲ್ಲೇ ತಿಂದುಬಿಟ್ಟು, ಮುರಿದುಹೋಯಿತು ಅನ್ನುತ್ತಿದ್ದರು. ಮಾಸ್ತರು ತಮ್ಮದೂ ಒಂದು ಸೇರಿಸಿದರು. ಉಸಿರು ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಓಡುತ್ತಲೇ ಒಂದು ಮಾತು ಆಡಲು ಬರಬೇಕು, ಬರದಿದ್ದರೆ ಅತಿಯಾಯಿತು ಅಂತ ಅರ್ಥ. ಅಜ್ಜಿ ಅದಕ್ಕೂ ಒಗ್ಗರಣೆ ಹಾಕಿದಳು. "ಹಂಗಾದ್ರೆ ದಾರಿಯಾಗೆ ಕಂಡೋರಿಗೆಲ್ಲ ಆರಾಮಾ ಅಂತ ಕೇಳ್ಕಂತ ಹೋಗು. ಆರಾಮಾ ಅಂತ ಕೇಳೋ ಹುಡುಗಿ ಮನೇಲಿ ಹೆಣ ಐತಿ ಅಂತ ಯಾವನೂ ತಿಳ್ಕಳಲ್ಲ."

ಹಾಗೆ ನಾನು ಊರವರಿಗೆಲ್ಲ ಆರಾಮಾ ಕೇಳುತ್ತ ಓಡಿದೆ. ಸೌದೆ ಗಾಡಿಯವರಿಗೆ, ಹಾಲಿನವರಿಗೆ, ಮಸೀದಿ ಕಡೆಯಿಂದ ಬರುವ ಹಿರಿಯರಿಗೆ. ಮೊದಮೊದಲು ಅವರು ಗಾಬರಿಯಿಂದ ದಾರಿ ಬಿಡುತ್ತಿದ್ದರು. ಆಮೇಲೆ ನಾನು ಬಾಯಿ ತೆರೆಯುವ ಮೊದಲೇ "ಆರಾಮ ನೋಡವ್ವ" ಅನ್ನತೊಡಗಿದರು. ಆನವಟ್ಟಿ ಬಸ್ಸಿನ ಕಂಡಕ್ಟರ್ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, "ಅಜ್ಜಿ ಆರಾಮೇನವ್ವ?" ಎಂದು ಕೇಳುತ್ತಿದ್ದ, ಪಾಪ.

ಸೊರಬದ ಓಟದ ದಿನ ಬಂತು. ಅಂಗಡಿ ಮುಚ್ಚದ ಅಪ್ಪ ಅಂಗಡಿ ಮುಚ್ಚಿದ. ಅಮ್ಮ ಮನೆಗೆ ಬೇಕಲ್ಲ ಎಂದು ಉಳಿದಳು. ಅಜ್ಜಿ, "ಸತ್ತ ಮ್ಯಾಲೆ ಎಲ್ಲಿಗೂ ಹೋಗಿಲ್ಲ, ನಾನೂ ಬರ್ತೀನಿ" ಎಂದು ಹಟ ಹಿಡಿದು ಹೊರಟಳು. ಭಟ್ಟಿಯ ಹೆಂಗಸು ಆಗಷ್ಟೇ ಹುರಿದ ಮಂಡಕ್ಕಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟು, "ನಿನ್ನೆ ಹುರಿದಿದ್ದು ಮೆತ್ತಗಿರ್ತತಿ, ಮುರಿಯಲ್ಲ. ಅದು ಮೋಸ. ಇದನ್ನೇ ಹಿಡಿ" ಅಂದಳು.

ಸೊರಬದ ಮೈದಾನದಿಂದ ಹೊರಟು ಚಂದ್ರಗುತ್ತಿಯ ರಸ್ತೆಯಲ್ಲಿ ಹೋಗಿ, ಒಂದು ಸೇತುವೆಯ ಹತ್ತಿರ ತಿರುಗಿ ಮತ್ತೆ ಮೈದಾನಕ್ಕೆ ಬರಬೇಕು. ಹುಡುಗಿಯರು ಹೆಚ್ಚು ಇರಲಿಲ್ಲ. ಸೀಟಿ ಊದಿದ್ದೇ ತಡ ಎಲ್ಲರೂ ನನ್ನನ್ನು ಬಿಟ್ಟು ಹಾರಿಹೋದರು. ನನಗೂ ಹಿಂದೆ ಬೀಳುವುದೆಂದರೆ ಆಗದು. ಮುಷ್ಟಿ ಬಿಗಿಯಲು ಹೋದವು. ಕಾಳಿನ ಮೊನೆ ಅಂಗೈಗೆ ತಾಗಿತು, ಬಿಟ್ಟೆ. ಭುಜ ಇಳಿಯಿತು. ದೂರ ನೋಡಿದೆ. ಮರಗಳ ಸಾಲಿನಾಚೆ ಚಂದ್ರಗುತ್ತಿಯ ಗುಡ್ಡ ಕಾಣುತ್ತಿತ್ತು. ಅದನ್ನೇ ನೋಡುತ್ತ ಹೋದೆ. ದಿಬ್ಬದಲ್ಲಿ ಹೆಜ್ಜೆ ಚಿಕ್ಕದು ಮಾಡಿದೆ. ಹಾರಿಹೋದವರು ಒಬ್ಬೊಬ್ಬರಾಗಿ ದಾರಿಯಲ್ಲಿ ಸಿಗತೊಡಗಿದರು, ಒಬ್ಬಳು ಸೊಂಟ ಹಿಡಿದುಕೊಂಡು, ಇನ್ನೊಬ್ಬಳು ಮರಕ್ಕೆ ಒರಗಿ. ಹಳ್ಳಿಯ ಅಮ್ಮನೊಬ್ಬಳು ಮರಕ್ಕೆ ಒರಗಿದವಳ ಮುಖ ನೋಡಿ, "ಎಂತ ಆಯ್ತೇ? ಮನೇಲಿ ಯಾರಿಗೆ ಎಂತ ಆಯ್ತೇ?" ಎಂದು ಕಳವಳದಿಂದ ಕೇಳುತ್ತಿದ್ದಳು. ನನ್ನ ಹಳೆಯ ಮುಖ ಅಲ್ಲಿ ನಿಂತಿತ್ತು. ನಾನು ಆ ಅಮ್ಮನಿಗೆ "ಆರಾಮೇನ್ರಮ್ಮಾ?" ಅಂದೆ. ಅವಳು ನಕ್ಕಳು.

ಸೇತುವೆ ಮುಟ್ಟಿ ತಿರುಗಿದ ಮೇಲೆ ಪಕ್ಕೆಯಲ್ಲಿ ನೋವು ಹಿಡಿಯಿತು. ಅದೇ ಹೊತ್ತಿಗೆ ಸೈಕಲ್ಲಿನ ಮೇಲೆ ಒಬ್ಬ ಯುವಕ ಜೊತೆಜೊತೆಗೇ ಬರುತ್ತ, "ಎಂತಕ್ಕಾ, ಬಸ್ಸು ತಪ್ಪಿ ಹೋಯ್ತಾ?" ಅಂದ. ಸಿಟ್ಟು ನೆತ್ತಿಗೇರಿತು. ಬಲಗೈಯೊಳಗೆ ಚುರ್ ಅಂದ ಸದ್ದು ನನಗೇ ಕೇಳಿಸಿತು. ಹೋಯಿತು. ಅಪ್ಪನ ಮಾತು, ಟ್ರೇನಿಂಗು, ಎಲ್ಲ ಆ ಪುಡಿಯ ಜೊತೆಗೇ ಹೋಯಿತು ಅನ್ನಿಸಿತು. ಆದರೆ ಎಡಗೈಯಲ್ಲಿ ಕಾಳು ಇನ್ನೂ ಇಡಿಯಾಗಿದ್ದವು. ಅವನ್ನು ಕಾಯಬೇಕೆಂದರೆ ಇವನ ಮೇಲೆ ಸಿಟ್ಟು ಮಾಡುವ ಹಾಗಿಲ್ಲ. ಉಸಿರು ಎಳೆದುಕೊಂಡು, "ಸಿಕ್ಕಿತ್ತು ಕಣಪ್ಪ. ನಿನ್ನ ಸೈಕಲ್ಲಿನಷ್ಟೇ ನಿಧಾನ ಹೋಗ್ತಿತ್ತು, ಇಳಿದುಬಿಟ್ಟೆ" ಅಂದೆ. ಅವನು ನಗುತ್ತ ಪೆಡಲ್ ತುಳಿದು ಮುಂದೆ ಹೋದ. ನನಗೂ ನಗು ಬಂತು. ನಕ್ಕಿದ್ದಕ್ಕೋ ಏನೋ ಪಕ್ಕೆಯ ನೋವು ಒಂದೆರಡು ತಿರುವಿನಲ್ಲಿ ಬಿಟ್ಟಿತು. ಆಮೇಲಿನ ಓಟ ನನ್ನ ಬದುಕಿನಲ್ಲೇ ಚೆಂದದ ಓಟ. ಕಾಲು ತಾನಾಗಿ ಹೋಗುತ್ತಿತ್ತು, ಹೆಜ್ಜೆಯ ಸದ್ದೇ ಇರಲಿಲ್ಲ. ಮುಗಿಯುವುದೇ ಬೇಡ ಅನ್ನಿಸಿತು.

ಮೈದಾನದ ರಸ್ತೆಬದಿಯ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು. ಬೆಳಗಿನ ಪೂಜೆಯ ವಿಭೂತಿ ಹಣೆತುಂಬ, ಬೆನ್ನು ಮರಕ್ಕೆ, ಕಣ್ಣು ಮುಚ್ಚಿ ಒಳ್ಳೆಯ ನಿದ್ದೆ. ಪಕ್ಕದಲ್ಲಿ ಅಪ್ಪ ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದ. ನನಗಿಂತ ಮೊದಲು ಇಬ್ಬರು ಹುಡುಗಿಯರು ಮುಟ್ಟಿದ್ದರು. ಅಪ್ಪ ಅವರನ್ನು ನೋಡಲೇ ಇಲ್ಲ. ದೂರದಿಂದಲೇ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ಹುಡುಕುತ್ತಿದ್ದ. ಅಷ್ಟೊಂದು ಬಿಗಿಯಾಗಿ ನಿಂತ ಅಪ್ಪನನ್ನು ನಾನು ನೋಡಿರಲಿಲ್ಲ. ಗೆರೆ ದಾಟಿ, ನಿಲ್ಲದೆ ಅವನ ಹತ್ತಿರ ಹೋಗಿ, ರೂಢಿಯಾಗಿಬಿಟ್ಟಿತ್ತಲ್ಲ, "ಆರಾಮೇನಪ್ಪಾ?" ಅಂದೆ.

ಅಪ್ಪ ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ. ಭುಜ ಅಲ್ಲಾಡುವ ಹಾಗೆ ಅತ್ತ. ಪಕ್ಕದ ರಸ್ತೆಯಲ್ಲಿ ಶಿಕಾರಿಪುರದ ಬಸ್ಸು ಹೋದದ್ದರ ಕಡೆ ನಮಗೆ ಯಾರಿಗೂ ಲಕ್ಷ್ಯವಿರಲಿಲ್ಲ. ಅಜ್ಜಿ ಎಚ್ಚರಗೊಂಡು ನನ್ನ ಎರಡೂ ಕೈ ಹಿಡಿದು ಬಿಚ್ಚಿಸಿದಳು. ಎಡಗೈಯಲ್ಲಿ ಇಡೀ ಕಾಳು. ಬಲಗೈಯಲ್ಲಿ ಬೆವರಿಗೆ ಅಂಟಿದ ಪುಡಿ. ಅವಳು ಪುಡಿಯನ್ನೇ ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು, "ಉಪ್ಪು ಸರಿಯಾಗೈತಿ" ಅಂದಳು. ಟ್ರೇನಿಂಗಿನ ಬಗ್ಗೆ ಅಪ್ಪ ಅಲ್ಲಿ ಒಂದು ಮಾತೂ ಆಡಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಬಹುಮಾನ ಕೊಡುವವರೆಗೆ ಇದ್ದು, ಊಟ ಮಾಡಿ, ಸಂಜೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಬೀದಿಗೆ ಬಂದರೆ ನಮ್ಮ ಮನೆಯ ಮುಂದೆ ಜನ. ಜಗಲಿಯ ಮೇಲೆ ತಬಲ, ಹಾರ್ಮೋನಿಯಂ. ಭಜನೆಯವರು ತಲೆ ತಗ್ಗಿಸಿ ಕೂತಿದ್ದಾರೆ. ಅಮ್ಮ ಬಾಗಿಲಲ್ಲಿ ಕಂಗಾಲಾಗಿ ನಿಂತಿದ್ದಾಳೆ. ನಮ್ಮ ಪಕ್ಕದಂಗಡಿಯವರು ಸೊರಬದಿಂದ ಮೊದಲಿನ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನೋಡಿದ್ದರು. ವಿಭೂತಿ ಹಚ್ಚಿಕೊಂಡು ಮರಕ್ಕೆ ಆನಿ ಕಣ್ಣು ಮುಚ್ಚಿ ಕೂತ ಅಜ್ಜಿ, ಪಕ್ಕದಲ್ಲಿ ಟವೆಲ್ಲಿನಲ್ಲಿ ಮುಖ ಮುಚ್ಚಿ ಅಳುತ್ತಿರುವ ಅಪ್ಪ. ಈ ಸಲ ಸಂಶಯಕ್ಕೆ ಜಾಗವೇ ಇರಲಿಲ್ಲ.

ಅಜ್ಜಿ ನನ್ನ ಕೈ ಹಿಡಿದು ಬೆಳಕಿಗೆ ಬಂದಳು. ಪಕ್ಕದಂಗಡಿಯವರು ಮೆಲ್ಲಗೆ, "ನೀವು ಅಳ್ತಿದ್ರಲ್ರೀ, ಯಜಮಾನ್ರೇ" ಅಂದರು.

ಎಲ್ಲರೂ ಅಪ್ಪನ ಕಡೆ ತಿರುಗಿದರು. ನನಗೆ ಹಿಂದಿನ ಸಲದ ನಾಚಿಕೆ ನೆನಪಾಯಿತು. ಅಪ್ಪ ಒಂದು ಗಳಿಗೆ ನೆಲ ನೋಡಿದ. ಆಮೇಲೆ ತಲೆ ಎತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ. "ಅತ್ತಿದ್ದು ಹೌದು. ನಮ್ಮ ಹುಡುಗಿ ಓಡಿ ಬಂದ್ಲು. ಅಷ್ಟು ದೂರ ಓಡಿ ಬಂದು ನನ್ನನ್ನೇ ಆರಾಮಾ ಅಂತ ಕೇಳಿದ್ಲು. ನನಗೆ ತಡಕಳಾಕೆ ಆಗ್ಲಿಲ್ಲ. ಮುಂದಿನ ವರ್ಷ ಡ್ರಿಲ್ ಟೀಚರ್ ಟ್ರೇನಿಂಗಿಗೆ ಕಳಿಸ್ತಿದೀನಿ."

ಭಜನೆಯವರು ತಬಲ ಎತ್ತಿಕೊಂಡು ಏಳಲು ಹೊರಟರು. ಅಜ್ಜಿ ಅವರನ್ನು ತಡೆದಳು. "ಬಂದೋರು ಬಂದೀರಿ, ಹಾಡಿಯೇ ಹೋಗ್ರಿ. ಈ ಸಲ ಕೇಳಾಕೆ ನಾನೂ ಅದೀನಿ."

ಅಮ್ಮ ಎಲ್ಲರಿಗೂ ಮಂಡಕ್ಕಿ ಹಂಚಿದಳು. ಅವರು ಹಾಡಿದರು, ಅಜ್ಜಿ ಗೋಡೆಗೆ ಆನಿಕೊಂಡು ಈ ಸಲ ಕಣ್ಣು ತೆರೆದೇ ಕೇಳಿದಳು. ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದ. ಅವನ ಮಂಡಕ್ಕಿ ಅಂಗೈಯಲ್ಲೇ ಇತ್ತು, ತಿನ್ನುವುದು ಮರೆತಿದ್ದ. ನಾನು ಬಗ್ಗಿ ನೋಡಿದೆ. ಒಂದು ಕಾಳೂ ಮುರಿದಿರಲಿಲ್ಲ.